ಜೇನುಗಿರಿಯಿಂದ ಬೇಡ ಹೊರಟುಹೋದದ್ದು

ಮರಗಳು ಮಾತಾಡುವುದನ್ನು ಇನ್ನೂ ಪೂರ್ತಿ ಬಿಟ್ಟಿರದ ಕಾಲದಲ್ಲಿ, ಏಳು ಬೆಟ್ಟಗಳ ಆಚೆ, ಜೇನುಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ರಾಜಕುಮಾರ ಜಯಕೀರ್ತಿ. ತಂದೆತಾಯಿ ಇಲ್ಲದ ಅವನನ್ನೂ ಅವನ ಪುಟ್ಟ ತಂಗಿ ಕಸ್ತೂರಿಯನ್ನೂ ಸಾಕಿದವಳು ಅಜ್ಜಿ ಪದುಮಾಂಬೆ. ಅಜ್ಜಿಗೆ ಮೊಮ್ಮಗನೆಂದರೆ ಪ್ರಾಣ. ಆದರೆ ಬಾಯಿ ತೆರೆದರೆ ಬೇಡ. ಬಿಸಿಲಿಗೆ ಹೋಗಬೇಡ, ಹುಣಸೆಮರ ಹತ್ತಬೇಡ, ಊಟದ ನಡುವೆ ಏಳಬೇಡ, ಆನೆಯ ಬಾಲ ಎಳೆಯಬೇಡ. ಆನೆಯ ವಿಷಯದಲ್ಲಿ ಅಜ್ಜಿ ಹೇಳಿದ್ದು ಸರಿಯೇ ಬಿಡಿ. ಆದರೂ ಮೀಸೆ ಚಿಗುರುವ ವಯಸ್ಸಿನ ಹುಡುಗ ದಿನವಿಡೀ ಇದನ್ನೇ ಕೇಳುತ್ತಿದ್ದರೆ ತಲೆ ಕೆಡದೆ ಇರುತ್ತದೆಯೇ?

ಅವನಿಗೆ ಪಟ್ಟ ಕಟ್ಟಿದ ದಿನ ಆಸ್ಥಾನಕ್ಕೆ ಕಬಳಕೇತು ಎಂಬ ಮಾಂತ್ರಿಕ ಬಂದ. ಕಡ್ಡಿಯಂಥ ಆಳು, ಹೆಗಲಲ್ಲಿ ಖಾಲಿ ಜೋಳಿಗೆ.

"ಮಹಾಸ್ವಾಮಿ, ಎಲ್ಲರೂ ನಿಮಗೆ ಏನೇನೋ ತಂದಿದ್ದಾರೆ. ನಾನು ತಗೊಂಡು ಹೋಗೋಕೆ ಬಂದಿದ್ದೇನೆ. ನಿಮಗೆ ಯಾವುದರ ಕಾಟ ಜಾಸ್ತಿಯೋ ಅದನ್ನು ಈ ಜೋಳಿಗೆಗೆ ಹಾಕಿಬಿಡಿ."

ಜಯಕೀರ್ತಿ ನಕ್ಕ. "ಕಾಟ ಅಂದರೆ ಬೇಡ ಅನ್ನೋ ಮಾತಿಂದು ಕಣಯ್ಯ. ಅದನ್ನು ತಗೊಂಡು ಹೋಗು, ಪುಣ್ಯ ಕಟ್ಟಿಕೋ."

ಮಾಂತ್ರಿಕ ಜೋಳಿಗೆಯ ಬಾಯಿ ಬಿಗಿದ. ಅಷ್ಟೇ, ಜೇನುಗಿರಿಯ ಎಲ್ಲರ ನಾಲಗೆಯಿಂದ ಬೇಡ ಹೊರಟುಹೋಯಿತು. ಅದರ ನೆಂಟರಾದ ಒಲ್ಲೆ, ಸಾಕು, ಕೂಡದು, ಆಗದು ಎಲ್ಲವೂ ಗಂಟುಮೂಟೆ ಕಟ್ಟಿಕೊಂಡು ಅದರ ಹಿಂದೆಯೇ ನಡೆದವು.

ಮೊದಮೊದಲು ಮಜವೋ ಮಜ. ಹೊಸ ರಾಜ ಕಿರೀಟ ಪಕ್ಕಕ್ಕಿಟ್ಟು ಹುಣಸೆಮರ ಹತ್ತಿದ. ಕೆಳಗೆ ಅಜ್ಜಿ ಎರಡೂ ಕೈ ಚಾಚಿ ನಿಂತು, "ಮರ ಹತ್ತ..." ಎಂದು ಅಲ್ಲಿಗೇ ನಿಂತಳು. ಮುಂದಿನ ಮಾತು ಬಾಯಿಗೆ ಬರಲಿಲ್ಲ.

ಪೇಚಾಟ ಶುರುವಾದದ್ದು ಪಟ್ಟದ ಊಟದ ಪಂಕ್ತಿಯಲ್ಲಿ. ಜೇನುಗಿರಿಯಲ್ಲಿ ಬಡಿಸುವುದಕ್ಕೆ ಒಂದು ಪದ್ಧತಿಯಿತ್ತು. ನೆಂಟರ ಮೊದಲ ಬೇಡ ಮರ್ಯಾದೆಗೆ ಹೇಳುವುದು, ಅದಕ್ಕೆ ಒಂದು ಪೂರ್ತಿ ಹೋಳಿಗೆ ಹಾಕಲೇಬೇಕು. ಎರಡನೆಯ ಬೇಡ ಆಸೆಗೂ ಹೊಟ್ಟೆಗೂ ನಡುವಿನದು, ಅದಕ್ಕೆ ಅರ್ಧ. ಮೂರನೆಯ ಬೇಡವೇ ನಿಜವಾದದ್ದು, ಆಗ ಕೈ ತಡೆಯಬೇಕು. ಈಗ ಒಂದೂ ಇಲ್ಲವಲ್ಲ, ಬಡಿಸುವವರು ನಿಲ್ಲಿಸುವುದು ಹೇಗೆ? ಅವರು ಹಾಕುತ್ತಲೇ ಹೋದರು. ಮಂತ್ರಿ ಹೋಳಿಗೆ ರಾಶಿಯ ಹಿಂದೆ ಕಾಣದೆ ಹೋದ.

ಜಯಕೀರ್ತಿ ಅದಕ್ಕೂ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಆ ಸಂಜೆ ಕಸ್ತೂರಿ ಅಂಗಳದಲ್ಲಿ ಬಿದ್ದು ಮೊಣಕಾಲು ತರಚಿಕೊಂಡಳು. ಅವನು ಓಡಿಹೋಗಿ ಎತ್ತಿಕೊಂಡ. "ಅಳ..." ಎಂದ. ಮಾತು ಅಲ್ಲೇ ಕಡಿಯಿತು. ಮಗು ಅಣ್ಣನ ಬಾಯಿಯನ್ನೇ ನೋಡಿತು. ಅಲ್ಲಿಂದ ಏನೂ ಬಾರದಿದ್ದಾಗ ಇನ್ನೂ ಜೋರಾಗಿ ಅತ್ತಿತು. ಬೇಡ ಎಂಬುದು ಬರೀ ಬೀಗವೆಂದು ತಿಳಿದಿದ್ದವನು ಏನೂ ತೋಚದೆ ಮಗುವನ್ನು ಅಜ್ಜಿಯ ಕೈಗಿತ್ತು ಹೊರಟುಹೋದ.

ಮರುದಿನವೇ ಕಬಳಕೇತು ಮತ್ತೆ ಬಂದ. "ನಿಮ್ಮ ದೊಡ್ಡ ಕೆರೆ ನನಗಿರಲಿ. ಬೇಡ ಅನ್ನುವವರು ಬಾಯಿಬಿಟ್ಟು ಅನ್ನಿ, ಬಿಟ್ಟುಹೋಗುತ್ತೇನೆ," ಎಂದ. ಯಾರು ಏನೆಂದಾರು? ಮಾಂತ್ರಿಕ ಕೆರೆಯನ್ನು ಗುಟುಕರಿಸಿ ಮನೆಯಷ್ಟು ದಪ್ಪಗಾದ. ಅರಮನೆಯ ಆನೆಗಳನ್ನು ಕೇಳಿದ, ನುಂಗಿದ, ಗುಡ್ಡದಷ್ಟಾದ. ಆಮೇಲೆ ಬಾಗಿ ಕಸ್ತೂರಿಯ ಕಡೆ ಬೆರಳು ತೋರಿಸಿದ. "ಹುಣ್ಣಿಮೆಗೆ ಬರುತ್ತೇನೆ. ಈ ಮಗು ನನಗಿರಲಿ."

ಕಸ್ತೂರಿ ಅಣ್ಣನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಜಯಕೀರ್ತಿ ಕತ್ತಿ ಎಳೆದ. ಅದು ಹುಲ್ಲಿನ ಎಸಳಿನಂತೆ ಬಾಗಿಹೋಯಿತು.

ಅವನು ಹುಣಸೆಮರದ ಬುಡದಲ್ಲಿ ಕೂತು ಅತ್ತ. ಮರಕ್ಕೆ ಪಾಪ ಅನ್ನಿಸಿತು. "ಆ ಕಳ್ಳ ನಿನ್ನ ಮಾತನ್ನು ಮೂರು ಮಣಿ ಮಾಡಿ, ಕಾಡಿನ ಮೂರು ಮೃಗಗಳಿಗೆ ನುಂಗಿಸಿದ್ದಾನೆ. ಕಿತ್ತುಕೊಂಡರೆ ಮಣಿ ಬೂದಿಯಾಗುತ್ತದೆ. ಅವು ತಾವಾಗಿಯೇ ಕೊಡಬೇಕು," ಎಂದಿತು.

ಅಜ್ಜಿ ಬುತ್ತಿ ಕಟ್ಟಿಕೊಟ್ಟಳು. "ಹೋಗಿ ಬಾ ಕಂದ," ಎಂದಳು. ಹುಟ್ಟಿದಾಗಿನಿಂದ ಅಜ್ಜಿ ಅವನಿಗೆ ಹೋಗು ಎಂದದ್ದು ಅದೇ ಮೊದಲು. ಬೇರೆ ಹೇಳಲು ಅವಳ ಬಳಿ ಮಾತೂ ಇರಲಿಲ್ಲ.

ಕಾಡಿನ ಬಾಗಿಲಲ್ಲೇ ಬೆಳ್ಳಿಕೊಂಬಿನ ಜಿಂಕೆಯೊಂದು ದಾರಿಗೆ ಅಡ್ಡ ನಿಂತಿತ್ತು. ಅವನು ಎಡಕ್ಕೆ ಸರಿದರೆ ಅದೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ನುಗ್ಗಲು ಹೋದವನನ್ನು ಕೊಂಬಿನಿಂದ ಹಿಂದಕ್ಕೆ ನೂಕಿತು. ಜಯಕೀರ್ತಿಗೆ ಸಿಟ್ಟು ನೆತ್ತಿಗೇರಿತು. ಕೋಲು ಎತ್ತಿದ. ಆಗ ಹುಣಸೆಮರದ ಕೆಳಗೆ ಕೈ ಚಾಚಿ ನಿಂತಿದ್ದ ಅಜ್ಜಿಯ ಮುಖ ನೆನಪಾಗಿ ಕೋಲು ಬಿಸಾಡಿ ಕೂತ. ಮರುಕ್ಷಣ ಮುಂದಿನ ಹುಲ್ಲುಹಾಸು ಕುಸಿದು, ಅಡಿಯಲ್ಲಿ ಬೆಂಕಿಯ ಹೊಂಡ ಕಾಣಿಸಿತು.

"ಅಡ್ಡ ನಿಂತವರೆಲ್ಲ ಹಗೆಗಳಲ್ಲಪ್ಪ," ಎಂದು ಜಿಂಕೆ ಕೆಂಪು ಮಣಿಯೊಂದನ್ನು ಅವನ ಕೈಗೆ ಹಾಕಿತು. ಅದು ತಡೆದು ಕಾಯುವ ಬೇಡ.

ಹೊಂಡ ಸುತ್ತಿಕೊಂಡು ಹೋದರೆ ಒಂದು ಛತ್ರ. ಅಲ್ಲೊಬ್ಬ ಕರಡಿರಾಯ ಬಾಳೆಎಲೆ ಹಾಕಿ ಕಾಯುತ್ತಿದ್ದ. ಎಲೆಯಲ್ಲಿ ಅಗುಳು ಬಿಟ್ಟವರು ಕಲ್ಲಾಗುತ್ತಿದ್ದರು. ಸಾಲಾಗಿ ಕೂತಿದ್ದ ಕಲ್ಲಿನ ನೆಂಟರ ಹೊಟ್ಟೆಗಳೋ, ಒಂದೊಂದು ನೀರಿನ ಹರವಿಯಷ್ಟಿದ್ದವು. ಕೂತ ಜಯಕೀರ್ತಿ ಉಂಡ, ಉಂಡ, ಉಸಿರು ಕಟ್ಟಿತು. ಕೆಂಪು ಮಣಿ ಹಿಡಿದು, "ಹಾಕಬೇಡ!" ಎಂದು ಗದರಿಸಿದ. ಅದನ್ನು ಕರಡಿ ಮರ್ಯಾದೆಯ ಮಾತೆಂದೇ ತಿಳಿದು ಇನ್ನೊಂದು ಸೌಟು ಪಾಯಸ ಸುರಿಯಿತು. ಎಲೆಗೆ ಕೈ ಅಡ್ಡ ಹಿಡಿದರೆ ಪಾಯಸ ಕೈಮೇಲೆಯೇ ಬಿತ್ತು.

ಆಗ ಅವನಿಗೆ ಕರಡಿಯ ಒಣಗಿದ ಮೂತಿ ಕಾಣಿಸಿತು. ಇಷ್ಟೆಲ್ಲ ಬಡಿಸುವವನಿಗೆ ಊಟ ಆಯಿತಾ ಎಂದು ಯಾರಾದರೂ ಕೇಳಿದ್ದರೇ? ಎಲೆಯ ಕೊನೆಯ ಅಗುಳನ್ನು ಹೇಗೋ ಬಾಯಿಗೆ ಹಾಕಿಕೊಂಡು ಎದ್ದು, ಸೌಟು ಕಸಿದುಕೊಂಡು, ಇನ್ನೊಂದು ಎಲೆ ಹಾಸಿದ. "ಕೂತ್ಕೊಳ್ಳಿ ರಾಯರೇ, ಈಗ ನಿಮ್ಮ ಸರದಿ."

ಕರಡಿ ಕಣ್ಣು ಒರೆಸಿಕೊಂಡು ಕೂತಿತು. ಜಯಕೀರ್ತಿ ಬಿಡಲಿಲ್ಲ, ಬಡಿಸಿದ, ಮತ್ತೆ ಬಡಿಸಿದ. ಕೊನೆಗೆ ಕರಡಿ ಮೈ ಹಿಂದಕ್ಕೆ ಚಾಚಿ, "ಬೇಡಪ್ಪ," ಎಂದಿತು. ಒಂದು ಪೂರ್ತಿ ಹೋಳಿಗೆ ಬಿತ್ತು. "ಅಯ್ಯೋ, ಬೇಡ ಅಂದೆನಲ್ಲ." ಅರ್ಧ ಬಿತ್ತು. "ಬೇ... ಡ." ಆ ಮೂರನೆಯದರ ಜೊತೆ ಅದರ ಗಂಟಲಿಂದ ಹಳದಿ ಮಣಿ ಹಾರಿ ಎಲೆಗೆ ಬಿತ್ತು. ಅದು ಉಪಚಾರದ ಬೇಡ. ಕಲ್ಲಾಗಿದ್ದ ನೆಂಟರೆಲ್ಲ ಒಟ್ಟಿಗೆ ತೇಗಿ ಎದ್ದರು.

ಬೆಟ್ಟದ ತುದಿಯ ಗುಹೆಯಲ್ಲಿ ಬಿಳಿ ಹುಲಿಯೊಂದು ಅಳುತ್ತಿತ್ತು. ಅದು ಬಿಕ್ಕಿದರೆ ಬಂಡೆ ಉರುಳುತ್ತಿತ್ತು. ಜಯಕೀರ್ತಿ ಕೆಂಪು ಮಣಿ ಹಿಡಿದು, "ಅಳಬೇಡ," ಎಂದ. ಗದರಿಸಿದಂತೆ ಕೇಳಿ ಹುಲಿ ಇನ್ನೂ ಅತ್ತಿತು. ಹಳದಿ ಮಣಿ ಹಿಡಿದು ನಯವಾಗಿ, "ಅಳಬೇಡಿ," ಎಂದ. ಬಾಯುಪಚಾರದಂತೆ ಕೇಳಿ ಮತ್ತೂ ಅತ್ತಿತು. ಅವನು ಎರಡೂ ಮಣಿ ಕೆಳಗಿಟ್ಟ. ಹತ್ತಿರ ಹೋಗಿ ಹುಲಿಯ ಬೆನ್ನು ಸವರತೊಡಗಿದ.

"ನನ್ನ ತಂಗಿಯೂ ಹೀಗೇ ಅತ್ತಳು. ನಾನೇ ಮಾತು ಕಳೆದುಬಿಟ್ಟಿದ್ದೆ. ಅವಳ ಹತ್ತಿರ ಕೂರಲೂ ತೋಚಲಿಲ್ಲ ನನಗೆ," ಎನ್ನುತ್ತ ತಾನೂ ಅತ್ತ.

ಹುಲಿ ಬಹಳ ಹೊತ್ತು ಅವನ ಮಡಿಲಲ್ಲಿ ತಲೆಯಿಟ್ಟಿತ್ತು. ಆಮೇಲೆ ಅದರ ಕಣ್ಣಿಂದ ಕೊನೆಯ ಹನಿ ಉದುರಿ ಬಿಳಿ ಮಣಿಯಾಯಿತು. ಅದು ಸಮಾಧಾನದ ಬೇಡ. ಅವನನ್ನು ಬೆನ್ನಿಗೇರಿಸಿಕೊಂಡು ಹುಲಿ ಊರಿನತ್ತ ಓಡಿತು.

ಅವತ್ತೇ ಹುಣ್ಣಿಮೆ. ಕಬಳಕೇತು ಅರಮನೆಯ ಅಂಗಳದಲ್ಲಿ ಕಸ್ತೂರಿಯತ್ತ ಕೈ ಚಾಚಿದ್ದ. ಜಯಕೀರ್ತಿ ನಡುವೆ ಬಂದು ನಿಂತ. ಮೂರು ಮಣಿಗಳನ್ನೂ ಅಂಗೈಯಲ್ಲಿ ಸೇರಿಸಿದ. ಕೂಗಲಿಲ್ಲ, ಅರಚಲಿಲ್ಲ.

"ಬೇಡ," ಎಂದ.

ಮಾಂತ್ರಿಕನ ಬಾಯಿಂದ ಆನೆಗಳು ಒಂದೊಂದಾಗಿ ಹೊರಬಿದ್ದವು. ಮಾತು ಎಲ್ಲರ ನಾಲಗೆಗೂ ಮರಳಿತ್ತು. ಅಜ್ಜಿ ಮುಂದೆ ಬಂದು, "ಬೇಡ," ಎಂದಳು. ಕೆರೆ ಧುಮ್ಮಿಕ್ಕಿ ತನ್ನ ಜಾಗಕ್ಕೆ ಹರಿಯಿತು. ಮಂತ್ರಿ ಅಂದ, ಅಡುಗೆಯವರು ಅಂದರು, ಮಾವುತರು ಅಂದರು. ಅನ್ನಲು ಆಸೆಪಟ್ಟು ಕಾದಿದ್ದವರೆಲ್ಲ ಬಾಯ್ತುಂಬ ಅಂದರು. ಪ್ರತಿ ಬೇಡಕ್ಕೂ ಕಬಳಕೇತು ಕುಗ್ಗಿದ. ಕೊನೆಗೆ ಖಾಲಿ ಜೋಳಿಗೆಯ, ಹರಕು ಬಟ್ಟೆಯ ಮುದುಕನೊಬ್ಬ ಅಂಗಳದಲ್ಲಿ ಕೂತು ಗೊಳೋ ಎಂದು ಅಳುತ್ತಿದ್ದ.

ಸೈನಿಕರು ಅವನ ಸುತ್ತ ನಿಂತರು. ಕಸ್ತೂರಿ ಅವರ ಕಾಲ ನಡುವೆ ನುಸುಳಿಹೋಗಿ, ಅವನ ಮೊಣಕಾಲು ಸವರಿದಳು.

"ಅಳಬೇಡ ತಾತ. ಹೋಳಿಗೆ ತಿಂತೀಯಾ?"

ಮುದುಕ ಮೂಗು ಒರೆಸಿಕೊಂಡ. ಮುಖ ಎತ್ತಲು ನಾಚಿಕೆಯಾಗಿ, ನೆಲ ನೋಡುತ್ತಲೇ, "ಬೇಡ," ಎಂದ.

ಮೊದಲ ಬೇಡಕ್ಕೆ ಏನು ಮಾಡಬೇಕೆಂದು ಜೇನುಗಿರಿಯಲ್ಲಿ ಯಾರಿಗೆ ಗೊತ್ತಿಲ್ಲ? ಮಂತ್ರಿಯೇ ಎದ್ದು ಎಲೆ ಹಾಸಿ, ತುಪ್ಪ ಸುರಿದು, ಒಂದು ಪೂರ್ತಿ ಹೋಳಿಗೆ ಬಡಿಸಿದ. ಹೊಟ್ಟೆ ತುಂಬುವುದು ಎಂದರೇನೆಂದು ಕಬಳಕೇತುವಿಗೆ ಅವತ್ತು ತಿಳಿಯಿತು. ಮುಂದೆ ಅವನು ಕರಡಿರಾಯನ ಛತ್ರದಲ್ಲಿ ನೀರು ತುಂಬಿಕೊಂಡು ನೆಮ್ಮದಿಯಾಗಿದ್ದ.

ಜಯಕೀರ್ತಿ ಬಹುಕಾಲ ಆಳಿದ. ಹುಣಸೆಮರ ಹತ್ತುವ ಚಾಳಿ ಮಾತ್ರ ಬಿಡಲಿಲ್ಲ. ಕೆಳಗೆ ಅಜ್ಜಿ ನಿಂತು, "ತುದಿಗೆ ಹೋಗಬೇಡವೋ," ಎಂದು ಕೂಗುತ್ತಿದ್ದಳು. ಅವನು ಮೇಲಿನಿಂದಲೇ, "ಅಜ್ಜೀ, ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು," ಎನ್ನುತ್ತಿದ್ದ. ಹೇಳಿಸಿಕೊಂಡ ಮೇಲೆ ಇಳಿದು ಬರುತ್ತಿದ್ದ. ಅವರೆಲ್ಲ ಉಂಡು ನಕ್ಕು ಸುಖವಾಗಿದ್ದರು. ನಾವೂ ಹಾಗೇ ಇರೋಣ.