ಗದ್ದುಗೆಗೆ ಬೆನ್ನು ಹಾಕದವನು

2020ರ ಆಗಸ್ಟ್ 17, ಸೋಮವಾರ ಬೆಳಿಗ್ಗೆ ಮಹಾಂತಮ್ಮ ಭದ್ರಾವತಿ ಬಳಿಯ ಠಾಣೆಗೆ ಬಂದು ಪಿಎಸ್‌ಐ ಶರಾವತಿಯವರ ಮುಂದೆ ಕೂತರು.

"ನನ್ನ ಗಂಡ ಬಂದು ಹೂವಿನ ಪರಿಹಾರ ತಗೊಂಡು ಹೋಗಿದಾರಂತೆ ಮೇಡಂ."

"ತಗೊಂಡ್ರೆ ತಪ್ಪೇನಮ್ಮ?"

"ಅವ್ರು ತೀರಿಕೊಂಡಿದ್ದು ಫೆಬ್ರವರೀಲಿ."

ಲಾಕ್‌ಡೌನಿನಲ್ಲಿ ಕೊಳ್ಳುವವರಿಲ್ಲದೆ ಚೆಂಡುಹೂವನ್ನು ತಿಪ್ಪೆಗೆ ಸುರಿದವರಿಗೆ ಸರ್ಕಾರ ಪರಿಹಾರ ಕೊಟ್ಟಿತ್ತು. ಹೊಲ ಇನ್ನೂ ಗಂಡ ಚಂದ್ರಶೇಖರಪ್ಪನವರ ಹೆಸರಿನಲ್ಲೇ ಇತ್ತು. ಮನೆ ಖರ್ಚಿಗೆ ಮಹಾಂತಮ್ಮ ನೆಚ್ಚಿಕೊಂಡಿದ್ದು ಆ ಹಣವೊಂದನ್ನೇ. ಬದುಕಿದ್ದವರನ್ನೇ ಹತ್ತು ಸಲ ಅಲೆಸುವ ಸರ್ಕಾರ ಸತ್ತವರಿಗೆ ಇಷ್ಟು ಬೇಗ ಕೊಟ್ಟದ್ದು ಶರಾವತಿಗೆ ಸೋಜಿಗವೆನಿಸಿತು. ಎಫ್‌ಐಆರ್ ದಾಖಲಾಯಿತು.

ಕಾನ್‌ಸ್ಟೆಬಲ್ ಮಧುವಿನ ಅನುಮಾನ ಅರ್ಜಿ ತುಂಬಿಕೊಟ್ಟ ಕಂಪ್ಯೂಟರ್ ಅಂಗಡಿಯ ಮನೋಹರನ ಮೇಲೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಆಸಾಮಿ. ಕೇಳುವ ಮೊದಲೇ ಬೆವೆತ.

"ಆಧಾರ್, ಫೋಟೊ ಎಲ್ಲ ಅವ್ರೇ ತಂದ್ರು ಮೇಡಂ. ಮಾಸ್ಕ್ ತೆಗೀರಿ ಅನ್ನೋಕಾಗ್ತಿತ್ತಾ ಆಗ?"

ಹಣವನ್ನು ಸತ್ತವರ ಕಾರ್ಡಿನಿಂದಲೇ ಶಿವಮೊಗ್ಗದ ದುರ್ಗಿಗುಡಿಯಲ್ಲಿ ತೆಗೆಯಲಾಗಿತ್ತು. ಎಟಿಎಂ ಕ್ಯಾಮೆರಾದಲ್ಲೂ ಮಾಸ್ಕೇ.

ಮರುದಿನ ಹೊಲದಲ್ಲಿ ಸ್ಥಳ ಪಂಚನಾಮೆ. ಬದುವಿನ ಬಳಿ ಚಂದ್ರಶೇಖರಪ್ಪನವರನ್ನು ಮಣ್ಣು ಮಾಡಿದ ಗದ್ದುಗೆ. ಮಧು ಅದರ ಪಕ್ಕ ನಿಂತು ಅಳತೆ ಹೇಳತೊಡಗಿದ.

"ಬೂಟು ಬಿಚ್ಚಪ್ಪಾ," ಎಂದರು ಮಹಾಂತಮ್ಮ. "ಗದ್ದುಗೆಗೆ ಬೆನ್ನು ಹಾಕ್ಬೇಡ ಮಾರಾಯ."

ಶರಾವತಿ ಅರ್ಜಿಯ ಫೋಟೊ ಹೊರತೆಗೆದರು. ಹೂವಿನ ನಡುವೆ ಮಾಸ್ಕ್ ಹಾಕಿದ ಗಂಡಸು, ಹಿಂದೆ ಅದೇ ಗದ್ದುಗೆ. ಅವನು ಬರಿಗಾಲಲ್ಲಿದ್ದ. ಕ್ಯಾಮೆರಾಕ್ಕೆ ಮುಖ ಕೊಡದೆ ಅಡ್ಡಡ್ಡ ನಿಂತಿದ್ದ. ಹೊರಗಿನ ಕಳ್ಳನಿಗೆ ಈ ಭಯಭಕ್ತಿ ಎಲ್ಲಿಂದ ಬರಬೇಕು?

"ಮನೇಲಿ ಗಂಡಸರು ಯಾರಿದ್ರು?"

ಮಹಾಂತಮ್ಮ ಫೋಟೊವನ್ನು ಬಹಳ ಹೊತ್ತು ನೋಡಿದರು. "ಮೈದುನ, ಶಿವಯೋಗಿ. ಅಣ್ಣನ ಆಧಾರು, ಕಾರ್ಡು ಎಲ್ಲ ಅವನ ಹತ್ರಾನೇ ಇರ್ತಿತ್ತು. ಹೊಲ ಗುತ್ತಿಗೆಗೆ ಕೊಡ್ತೀನಿ, ನಿನ್ನ ದಾರಿ ನೋಡ್ಕೋ ಅಂತ ಮೇ ತಿಂಗಳಲ್ಲಿ ನಾನೇ ಕಳ್ಸಿದೆ. ಶಿವಮೊಗ್ಗದ ಗಾಂಧಿ ಬಜಾರಲ್ಲಿ ಹೂವಿನ ಬುಟ್ಟಿ ಹೊರ್ತಾನಂತೆ."

ಬುಧವಾರ ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಪೊಲೀಸರನ್ನು ಕಂಡ ಶಿವಯೋಗಿ ಓಡಲಿಲ್ಲ. ತಲೆಯ ಮೇಲಿದ್ದ ಬುಟ್ಟಿ ಇಳಿಸಿದ.

"ಫೋಟೊದಲ್ಲಿರೋದು ನೀನಾ?"

"ಹೌದು ಮೇಡಂ."

"ಯಾಕೆ ಮಾಡ್ದೆ?"

"ಸಸಿ ನೆಟ್ಟಿದ್ದು ನಾನು, ನೀರು ಬಿಟ್ಟಿದ್ದು ನಾನು, ತಿಪ್ಪೆಗೆ ಸುರಿದಿದ್ದೂ ನಾನೇ. ನನ್ನ ಹೆಸ್ರಲ್ಲಿ ಕೇಳಕ್ಕೆ ಹೋದ್ರೆ, ನೀನು ರೈತ ಅನ್ನೋಕೆ ದಾಖಲೆ ಎಲ್ಲಿ ಅಂದ್ರು. ದಾಖಲೇಲಿ ಇದ್ದಿದ್ದು ಅಣ್ಣ ಒಬ್ನೇ."

ಹಣದಲ್ಲಿ ಅರ್ಧ ಬಾಡಿಗೆಗೆ ಹೋಗಿತ್ತು. ಉಳಿದದ್ದನ್ನು ಮಹಜರು ಮಾಡಿ ವಶಕ್ಕೆ ತೆಗೆದುಕೊಂಡರು.

ಸಂಜೆ ಠಾಣೆಯಲ್ಲಿ ಮಧು ದಸ್ತಗಿರಿ ಪತ್ರ ತುಂಬುತ್ತಿದ್ದ. ಗುರುತು ಹೇಳಲು ಬಂದ ಮಹಾಂತಮ್ಮ ಬೆಂಚಿನ ಮೇಲೆ ಕೂತಿದ್ದರು. ಅತ್ತಿಗೆ, ಮೈದುನ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಕಸುಬು?"

ಶಿವಯೋಗಿ ಬುಟ್ಟಿ ಹೊತ್ತ ನೆತ್ತಿ ಸವರಿಕೊಂಡ.

"ಕೂಲಿ ಅಂತ ಹಾಕ್ಲಾ?"

"ರೈತ ಅಂತ ಬರ್ಕೊಳ್ಳಪ್ಪಾ," ಎಂದರು ಮಹಾಂತಮ್ಮ.

ಮಧು ಮೇಡಂ ಮುಖ ನೋಡಿದ. ಶರಾವತಿ ತಲೆಯಾಡಿಸಿದರು. "ಬರಿ," ಎಂದರು.

ಶಿವಯೋಗಿ ಆ ಸಾಲನ್ನು ಎರಡು ಸಲ ಓದಿ ಕೆಳಗೆ ಸಹಿ ಹಾಕಿದ.