ಸಹರ್ ಓದಿದ ಗಗನಯಾತ್ರಿಯ ಕಥೆ

"ನಾಚಿಕೆ ಇಲ್ವಾ ಇವನಿಗೆ... ಮಕ್ಕಳ ಮಧ್ಯೆ ಕೂತು ಹೀಗೆ ನಗ್ತಾನೆ," ಸಹರ್ ಕನ್ನಡದಲ್ಲಿ ಗೊಣಗಿದಳು.

"ಇದೆ ಮೇಡಂ, ಸ್ವಲ್ಪ ಇದೆ."

ಕನ್ನಡದಲ್ಲೇ ಉತ್ತರ! ಅವಳ ಕೈಯಲ್ಲಿದ್ದ ಪುಸ್ತಕ ಜಾರಿತು. ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ತನ್ನ ಗೊಣಗಾಟ ಯಾರಿಗೆ ತಿಳಿದೀತು ಎಂಬ ಧೈರ್ಯದಲ್ಲಿದ್ದಳು ಅವಳು.

ಮೈಸೂರಿನ ಸಹರ್ ಅಲ್ಲಿನ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುತ್ತಿದ್ದಳು. ಲ್ಯಾಟಿನ್ ಅಮೆರಿಕ ಮೂಲದ ಸಾಧಕರ ಚಿತ್ರಪುಸ್ತಕಗಳನ್ನು ಶನಿವಾರಗಳಂದು ಮಕ್ಕಳಿಗೆ ಸ್ವೀಡಿಷ್‌ನಲ್ಲಿ ಓದಿ ಹೇಳುತ್ತಿದ್ದಳು. ಅಂದಿನದು, ಗಗನಯಾತ್ರಿಯಾದ ಹುಡುಗಿಯ ಕಥೆ.

ನಕ್ಕವನು ದಾವಣಗೆರೆಯ ಶೋಯೆಬ್, ವಿಮಾನ ಕಂಪನಿಯೊಂದರಲ್ಲಿ ಎಂಜಿನಿಯರ್. ಅವನ ಪಕ್ಕದಲ್ಲಿ ಚಿಲಿ ಮೂಲದ ಪುಟ್ಟ ಅಮಾಯಾ. ಸಹರ್ ಸ್ಪ್ಯಾನಿಷ್ ಹೆಸರುಗಳನ್ನು ಕೊಲ್ಲುತ್ತಿದ್ದಾಳೆ ಎಂದು ಆ ಪುಟ್ಟಿ ಪಿಸುಗುಟ್ಟಿದ್ದಕ್ಕೆ ಅವನಿಗೆ ನಗು ತಡೆಯಲಾಗಿರಲಿಲ್ಲ.

ಮುಂದಿನ ಶನಿವಾರ ಅಮಾಯಾಳೇ ಉಚ್ಚಾರಣೆ ಕಲಿಸಿದಳು. ಆಮೇಲೆ ಮೂವರೂ ಫೀಕಾಗೆ, ಅಂದರೆ ಅಲ್ಲಿನವರ ಕಾಫಿ ಹರಟೆಗೆ, ಕೂತು ಕಾಫಿ, ದಾಲ್ಚಿನ್ನಿ ಬನ್ ಹಂಚಿಕೊಂಡರು. ಅದು ರೂಢಿಯೇ ಆಯಿತು. ಶನಿವಾರ ಬಂತೆಂದರೆ ಸಹರ್ ಕಣ್ಣು ಬಾಗಿಲ ಕಡೆಗೇ...

ಒಂದು ದಿನ ಅಮಾಯಾಳ ತಾಯಿ ಬಂದಳು. ಶೋಯೆಬ್‌ನನ್ನು ಅಪ್ಪಿಕೊಂಡು, ಊಟ ಆರಿಹೋಗುತ್ತದೆ, ಬೇಗ ಮನೆಗೆ ಹೋಗೋಣ ಎಂದಳು.

ಸಹರ್ ಮುಖ ತಿರುಗಿಸಿ ಪುಸ್ತಕಗಳನ್ನು ಜೋಡಿಸತೊಡಗಿದಳು. 'ಮದುವೆಯಾದವನಾ? ಒಂದು ಮಾತೂ ಹೇಳಲಿಲ್ಲವಲ್ಲ...'

ಅಂದಿನಿಂದ ಅವನ ಜೊತೆ ಬರೀ ಸ್ವೀಡಿಷ್. ಫೀಕಾ ನಿಂತಿತು. ದೂರದ ಓರೆಬ್ರೂ ಊರಿನಲ್ಲಿ ಸಿಕ್ಕ ಹೊಸ ಕೆಲಸವನ್ನೂ ಅವಳು ಒಪ್ಪಿಕೊಂಡುಬಿಟ್ಟಳು.

ಕೊನೆಯ ಶನಿವಾರ, ಹೊಲದ ಕೂಲಿಗಳ ಪರವಾಗಿ ಮಾಲೀಕರನ್ನು ನೇರವಾಗಿ ಪ್ರಶ್ನಿಸಿದ ಹೆಂಗಸಿನ ಕಥೆ ಓದಿದಳು. ಬಾಯಿಬಿಟ್ಟು ಕೇಳಬೇಕು ಎಂದು ಮಕ್ಕಳಿಗೆ ಹೇಳುವಾಗ ಅವಳಿಗೇ ನಾಚಿಕೆಯಾಯಿತು. ತಾನೇಕೆ ಕೇಳಲಿಲ್ಲ?

ಮಕ್ಕಳು ಚದುರಿದ ಮೇಲೆ ಅವನೆದುರು ನಿಂತಳು.

"ನಾವು ಫೀಕಾಗೆ ಕೂರ್ತಿದ್ದಿದ್ದು ನಿಮ್ಮ ಹೆಂಡತಿಗೆ ಗೊತ್ತಾ?"

"ಯಾರ ಹೆಂಡತಿ?"

"ಅಮಾಯಾ ಅಮ್ಮ..."

ಶೋಯೆಬ್ ತಬ್ಬಿಬ್ಬಾದ. ತಾನು ಅವರ ಮಹಡಿಯ ಬಾಡಿಗೆದಾರ, ಊಟವೂ ಅವರ ಜೊತೆಗೇ, ಶನಿವಾರ ಅಮಾಯಾಳ ಅಪ್ಪ ಅಮ್ಮ ಇಬ್ಬರಿಗೂ ಆಸ್ಪತ್ರೆಯಲ್ಲಿ ಶಿಫ್ಟ್ ಇರುವುದರಿಂದ ಮಗುವನ್ನು ಕರೆತರುತ್ತೇನೆ, ಆ ದಿನ ಅವಳಮ್ಮನ ಶಿಫ್ಟ್ ಬೇಗ ಮುಗಿದಿತ್ತು ಎಂದು ವಿವರಿಸಿದ. ಆಮೇಲೆ ದನಿ ತಗ್ಗಿಸಿದ.

"ಅಮಾಯಾಗೆ ಜ್ವರ ಬಂದ ಶನಿವಾರ ನಾನೊಬ್ಬನೇ ಬಂದು ಮಕ್ಕಳ ಮಧ್ಯೆ ಕೂತಿದ್ದೆ. ಯಾಕೆ ಅಂತ ನಿಮಗೆ ಅನ್ನಿಸ್ಲೇ ಇಲ್ವಾ, ಸಹರ್?"

ಅವಳ ಕಣ್ಣು ತುಂಬಿತು, ತುಟಿಯಲ್ಲಿ ನಗು.

"ಓರೆಬ್ರೂ ಕೆಲಸ ಒಪ್ಕೊಂಡಾಯ್ತು..."

"ಟ್ರೈನ್ ಇದೆಯಲ್ಲ. ಬರ್ತೀನಿ."

"ಫೋನ್‌ನಲ್ಲಿ ಅಮ್ಮಿ ಕೇಳಿದ್ರೆ, ಬರೋರು ಯಾರು ಅಂತ ಹೇಳ್ಲಿ?"

"ನಿಕಾಹ್‌ಗೆ ಒಪ್ಪಿ ಕಾಯ್ತಿರೋ ಹುಡುಗ ಅಂತ ಹೇಳಿ."

ಅವಳು ತಲೆ ತಗ್ಗಿಸಿ, ಮೆಲ್ಲಗೆ ಅವನ ಬೆರಳು ಹಿಡಿದಳು.

"ಇವತ್ತೇ ಹೇಳ್ತೀನಿ."