ಅಂತರಗಂಗೆ ಹಬ್ಬಿದ ತೂಬು

ದಿನಾಂಕ 11-3-1983, ಬೆಳಗ್ಗೆ ಎಂಟು ಗಂಟೆ. ಕೊಳಾಲದ ಕಡೆಯ ದೊಡ್ಡಕಟ್ಟೆ ಕೆರೆಯ ನೀರುಗಂಟಿ ಚಿಕ್ಕನರಸಯ್ಯ ಕೊರಟಗೆರೆ ಠಾಣೆಗೆ ಬಂದು, ತೂಬು ಬಿಡಿಸಲು ಮುಳುಗಿದ ಅಂಜನಪ್ಪ ಮೇಲೆ ಬರಲಿಲ್ಲವೆಂದು ದೂರು ಕೊಟ್ಟ. ಸಬ್‌ಇನ್ಸ್‌ಪೆಕ್ಟರ್ ನಂದೀಶ್ವರಯ್ಯ ಕಾನ್‌ಸ್ಟೇಬಲ್ ಬಸವಲಿಂಗಯ್ಯನನ್ನು ಕರೆದುಕೊಂಡು ಜೀಪು ಹತ್ತಿದರು.

ಕೆರೆಯಲ್ಲಿ ನೀರೇ ಕಾಣುತ್ತಿರಲಿಲ್ಲ. ದಡದಿಂದ ದಡಕ್ಕೆ ಅಂತರಗಂಗೆ ಹಬ್ಬಿತ್ತು. ಹೋದ ಮಳೆಗಾಲದವರೆಗೆ ಅಲ್ಲಿ ಈ ಕಳೆಯ ಒಂದೆಲೆಯೂ ಇರಲಿಲ್ಲ.

"ಮುಳುಗೋಕೆ ಪರ್ಮಿಟ್ ಇತ್ತಾ?" ನಂದೀಶ್ವರಯ್ಯ ನೀರುಗಂಟಿಯನ್ನು ಕೇಳಿದರು.

"ಇಲ್ಲ ಸ್ವಾಮಿ. ಕಳೆ ಹಬ್ಬಿರೋ ಕೆರೆಗೆ ಕೊಡಾಕಿಲ್ಲ ಅಂದ್ಬುಟ್ರು ನೀರಾವರಿ ಆಫೀಸ್ನಾಗೆ. ತೂಬು ಕಟ್ಕಂಡು ಗದ್ದೆ ಒಣಗ್ತಿತ್ತು. ಅವ್ನು ಒಲ್ಲೆ ಅಂದ. ಊರೋರೆಲ್ಲ ಸೇರಿ ಇಳಿಸ್ಬುಟ್ವಿ."

ಹೆಣ ಮೇಲೆತ್ತುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಬಲಗಾಲಿಗೆ ಉಣ್ಣೆಯ ಹುರಿ ಬಿಗಿದುಕೊಂಡಿತ್ತು. ಅದರ ಒಂದು ತುದಿ ತೂಬಿನ ಕಲ್ಲುಕಂಬಕ್ಕೆ, ಇನ್ನೊಂದು ಕಳೆಯ ಹೊರೆಗೆ. ಕಳೆ ಗಾಳಿಗೆ ತೇಲಿಹೋಗದಂತೆ ಯಾರೋ ಕಟ್ಟಿದ್ದರು. ಪಂಚನಾಮೆಯಲ್ಲಿ ಅದನ್ನು ಬರೆಸಿದರು. ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ಆಯಿತು.

ಕರಿ ಬಿಳಿ ಎಳೆ ಕೂಡಿಸಿ ಹೊಸೆದ ಹುರಿ. ಊರಲ್ಲಿ ವಿಚಾರಿಸಿ ಬಂದ ಬಸವಲಿಂಗಯ್ಯ ಅದನ್ನು ಜೀಪಿನ ಬಾನೆಟ್ ಮೇಲಿಟ್ಟ.

"ಇಂಥಾದ್ದು ಹೊಸೆಯೋರು ಒಬ್ರೇ ಸಾರ್. ಸತ್ತೋನ ತಾಯಿ, ಕ್ಯಾತಮ್ಮ."

ಮಣ್ಣಾಗುವವರೆಗೆ ನಂದೀಶ್ವರಯ್ಯ ಆ ಮನೆಯ ಹತ್ತಿರ ಸುಳಿಯಲಿಲ್ಲ. ಮರುದಿನ ಹೋದರು.

"ಕಳೆ ಎಲ್ಲಿಂದ ತಂದೆಯಮ್ಮ?"

"ಸಿರಾ ತಾವಿಂದ, ನನ್ ಮಗಳ ಊರಿಂದ. ಮಂಕರಿನಾಗೆ ಹೊತ್ಕಂಡು."

"ಯಾಕೆ?"

"ಅಂಜನಪ್ಪನ ಅಪ್ಪ ಪರ್ಮಿಟ್ ತಗಂಡೇ ಇಳಿದು ಸತ್ತ, ಅದೇ ತೂಬ್ನಾಗೆ. ಕಳೆ ಇದ್ರೆ ಪರ್ಮಿಟ್ ಕೊಡಾಕಿಲ್ವಂತೆ. ಮಗ ಉಳಕತಾನೆ ಅಂದ್ಕಂಡೆ."

"ಹುರಿ ನೀನೇ ಕಟ್ಟಿದ್ದಾ?"

ಕ್ಯಾತಮ್ಮ ಅವರ ಮುಖವನ್ನೇ ನೋಡಿದಳು. "ಅದ್ಕೇ ಸಿಕ್ಕಾಕ್ಕಂಡಿದ್ನಾ ಸ್ವಾಮಿ?"

ನಂದೀಶ್ವರಯ್ಯ ಸುಳ್ಳು ಹೇಳಬಹುದಿತ್ತು. ಆದರೆ ಕೋರ್ಟಿನಲ್ಲಿ ಎಲ್ಲರೆದುರು ಪಂಚನಾಮೆ ಓದಿ ಹೇಳುತ್ತಾರೆ.

"ಹೂಂ ಕಣಮ್ಮ."

ಅವಳು ಅಳಲಿಲ್ಲ. ಬಾಗಿಲು ಎಳೆದುಕೊಂಡು ಬಂದು, ಯಾರೂ ಹೇಳದೆಯೇ ಜೀಪಿನಲ್ಲಿ ಕೂತಳು. ದಸ್ತಗಿರಿಯ ವೇಳೆ ಹತ್ತೂವರೆ ಎಂದು ಬಸವಲಿಂಗಯ್ಯ ಬರೆದುಕೊಂಡ.

ಕೆರೆ ಏರಿಯ ಮೇಲೆ ಜನ ಸೇರಿದ್ದರು. ತೂಬು ಇನ್ನೂ ಬಿಟ್ಟಿರಲಿಲ್ಲ. ಒಬ್ಬ ಅಂಗಿ ಬಿಚ್ಚಿ ನಡುವಿಗೆ ಹಗ್ಗ ಕಟ್ಟಿಕೊಳ್ಳುತ್ತಿದ್ದ. ನಂದೀಶ್ವರಯ್ಯ ಜೀಪು ನಿಲ್ಲಿಸಿ ಗದರಿದರು. ಆತ ಹಗ್ಗ ಬಿಚ್ಚಿ ಅಂಗಿ ತೊಟ್ಟುಕೊಂಡ. ಜೀಪು ತಿರುವು ದಾಟುವವರೆಗೆ ಮಾತ್ರ ಎಂದು ಅವರಿಗೂ ಗೊತ್ತಿತ್ತು, ಹಿಂದೆ ಕೂತ ಕ್ಯಾತಮ್ಮನಿಗೂ ಗೊತ್ತಿತ್ತು.